ತಿಪ್ಪಯ್ಯನೋ, ಓಬಯ್ಯನೋ?

ನಮ್ಮ ಮನೆಯಲ್ಲಿ ಗಂಡುಮಗು ಹುಟ್ಟಿ ಎರಡು ತಿಂಗಳು ತುಂಬಿತು. ಇನ್ನೂ ಹೆಸರಿಲ್ಲ. ಬಂದವರೆಲ್ಲ ತೊಟ್ಟಿಲು ಬಗ್ಗಿ ನೋಡಿ, ಮೂಗು ಯಾರ ಹಾಗಿದೆ ಅಂತ ಹೇಳಿ, ಕೊನೆಗೆ ಕೇಳುವುದು ಒಂದೇ ಮಾತು: "ಹೆಸರೇನಿಟ್ರಿ?"

ಹೆಸರಿಗೆ ಬರ ಬಂದು ತಡವಾಗಿದ್ದಲ್ಲ. ಎರಡು ಹೆಸರು ಇದ್ದಾವೆ. ಒಂದು ನಮ್ಮಪ್ಪ ಹೇಳಿದ್ದು, ತಿಪ್ಪಯ್ಯ. ಅದು ಅವರ ತಾತನ ಹೆಸರು, ನನಗೆ ಮುತ್ತಾತ. ಇನ್ನೊಂದು ನಮ್ಮ ಮಾವ ಹೇಳಿದ್ದು, ಓಬಯ್ಯ. ಅದು ನನ್ನ ಹೆಂಡತಿಯ ಕಡೆ ಹಿರಿಯರ ಹೆಸರು. ಎರಡೂ ಈ ಕಾಲದ ಹೆಸರಲ್ಲ. ಚಳ್ಳಕೆರೆ, ಮೊಳಕಾಲ್ಮುರು ಕಡೆ ಅರವತ್ತು ದಾಟಿದವರಲ್ಲಿ ಬೇಕಾದಷ್ಟು ಸಿಗುತ್ತವೆ. ಅಂಗನವಾಡಿಯ ಹಾಜರಿ ಪುಸ್ತಕದಲ್ಲಿ ಒಂದೂ ಸಿಗುವುದಿಲ್ಲ.

ನನ್ನ ಹೆಂಡತಿ ಅತಿಥಿ ಶಿಕ್ಷಕಿ. ಅವಳ ಒಂದೇ ತರಗತಿಯಲ್ಲಿ ಮೂವರು ಒಂದೇ ಹೆಸರಿನವರು. ಒಬ್ಬನನ್ನು ಕರೆದರೆ ಮೂವರೂ "ಮಿಸ್" ಅಂತ ಎದ್ದು ನಿಲ್ಲುತ್ತಾರಂತೆ. ಹಾಗಾಗಿ ಹಳೇ ಹೆಸರು ಇಡೋಣ ಅಂದವಳೇ ಅವಳು. ಆದರೆ ಯಾವುದು ಅನ್ನುವಲ್ಲಿ ಮಾತು ನಿಂತಿತು.

"ತಿಪ್ಪಯ್ಯ ಅಂದ್ರೆ ಮಕ್ಕಳು ಸುಮ್ನೆ ಬಿಡ್ತಾವಾ? ಮೊದಲನೇ ದಿನವೇ ತಿಪ್ಪೆ ಅಂತಾವೆ. ನಾನು ದಿನಾ ನೋಡ್ತೀನಲ್ಲ" ಅಂದಳು.

ಅವಳ ಮಾತಿಗೆ ನನ್ನಲ್ಲಿ ಉತ್ತರ ಇರಲಿಲ್ಲ. ಹೆಸರಿನ ಹಿಂದೆ ಏನಿದೆ ಅಂತ ಹುಡುಕಲು ಹೊರಟಿದ್ದು ಹಾಗೆ. ಸುದ್ದಿ ಬರೆಯುವವನಿಗೆ ಇರುವ ಚಟ ಅದು, ಮನೆಯ ಜಗಳವನ್ನೂ ವರದಿ ಮಾಡಲು ನೋಡುತ್ತಾನೆ.

ಸಮಯ ಇದೆಯೋ ಇಲ್ಲವೋ ಅನ್ನುವುದನ್ನು ಮೊದಲು ನೋಡಿಕೊಂಡೆ. ನಿಮಗೂ ಉಪಯೋಗ ಆಗಬಹುದು. 1969ರ ಜನನ ಮರಣ ನೋಂದಣಿ ಕಾಯ್ದೆ ಪ್ರಕಾರ ಮಗು ಹುಟ್ಟಿದ್ದನ್ನು 21 ದಿನದೊಳಗೆ ನೋಂದಾಯಿಸಬೇಕು. ಆದರೆ ಆಗಲೇ ಹೆಸರು ಇರಬೇಕು ಅಂತಿಲ್ಲ. ಹೆಸರಿನ ಜಾಗ ಖಾಲಿ ಬಿಟ್ಟು, 12 ತಿಂಗಳೊಳಗೆ ಶುಲ್ಕವಿಲ್ಲದೆ ಸೇರಿಸಬಹುದು. ಆಮೇಲೂ 15 ವರ್ಷದವರೆಗೆ ತಡವಾದ ಶುಲ್ಕ ಕಟ್ಟಿ ಸೇರಿಸಲು ಅವಕಾಶ ಇದೆ. ಸೇರಿಸಿದ ಮೇಲೆ ಬದಲಾಯಿಸುವುದು ಮಾತ್ರ ಕಷ್ಟ. 2023ರ ಅಕ್ಟೋಬರ್ 1ರಿಂದ ಈಚೆಗೆ ಹುಟ್ಟಿದ ಮಕ್ಕಳಿಗೆ ಶಾಲೆಗೆ ಸೇರಲು, ಆಧಾರ್‌ಗೆ, ಮತದಾರರ ಪಟ್ಟಿಗೆ ಎಲ್ಲದಕ್ಕೂ ಜನನ ಪ್ರಮಾಣಪತ್ರವೇ ಆಧಾರ. ನಮ್ಮಪ್ಪನ ಕಾಲದಲ್ಲಿ ಶಾಲೆಗೆ ಸೇರಿಸುವಾಗ ಮೇಷ್ಟ್ರು ಬರೆದುಕೊಂಡದ್ದೇ ಹುಟ್ಟಿದ ದಿನ, ಬರೆದುಕೊಂಡದ್ದೇ ಹೆಸರು. ಈಗ ಹಾಗಲ್ಲ.

ನಮ್ಮ ಜಿಲ್ಲೆಯಲ್ಲಿ ಹೆಸರು ಬರೆದಿಡುವ ಕೆಲಸ ಎಷ್ಟು ಹಳೆಯದು ಗೊತ್ತೇ? ಮೊಳಕಾಲ್ಮುರು ತಾಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರದ ಬಂಡೆಗಳ ಮೇಲೆ ಅಶೋಕನ ಶಾಸನಗಳಿವೆ. ಎರಡು ಸಾವಿರದ ಇನ್ನೂರು ವರ್ಷಕ್ಕಿಂತ ಹಳೆಯವು. ಬ್ರಹ್ಮಗಿರಿಯ ಬರಹದ ಕೊನೆಯಲ್ಲಿ, ಅದನ್ನು ಬರೆದ ಲಿಪಿಕಾರ ತನ್ನ ಹೆಸರನ್ನೂ ಸೇರಿಸಿದ್ದಾನೆ. ಚಪಡ ಅಂತ. ತಾನು ಲಿಪಿಕಾರ ಅನ್ನುವ ಮಾತನ್ನು ಮಾತ್ರ ಬ್ರಾಹ್ಮಿ ಬಿಟ್ಟು ಖರೋಷ್ಠಿ ಲಿಪಿಯಲ್ಲಿ ಬರೆದ. ಆ ಲಿಪಿ ವಾಯವ್ಯ ಭಾರತದ ಕಡೆಯದು. ಚಕ್ರವರ್ತಿಯ ಆಜ್ಞೆ ಕೊರೆಯಲು ಬಂದವನು ಕೆಳಗೆ ತನ್ನ ಹೆಸರನ್ನೂ ಬಿಟ್ಟು ಹೋದ. ಅಂಥ ಆಸೆ ಎಲ್ಲರಿಗೂ ಇರುತ್ತದೆ ಅಂತ ಕಾಣುತ್ತದೆ.

ಅಲ್ಲಿಂದ ಚಿತ್ರದುರ್ಗದ ಪಕ್ಕದ ಚಂದ್ರವಳ್ಳಿಗೆ ಬನ್ನಿ. ಅಲ್ಲಿ ಕೆರೆಯ ವಿಚಾರ ಹೇಳುವ ಮಯೂರಶರ್ಮನ ಶಾಸನ ಇದೆ. ಕದಂಬ ವಂಶ ಕಟ್ಟಿದವನು. ಕಂಚಿಗೆ ಓದಲು ಹೋಗಿ, ಅಲ್ಲಿ ಪಲ್ಲವರ ಕಡೆಯವರಿಂದ ಅವಮಾನವಾಗಿ, ಕತ್ತಿ ಹಿಡಿದು ರಾಜನಾದ ಕಥೆಯನ್ನು ತಾಳಗುಂದದ ಶಾಸನ ಹೇಳುತ್ತದೆ. ಶರ್ಮ ಅಂದರೆ ಓದುವ ಕುಲ. ಅವನ ಮಗ ಕಂಗವರ್ಮ, ಆಮೇಲಿನವರೆಲ್ಲ ವರ್ಮರೇ. ವರ್ಮ ಅಂದರೆ ಆಳುವ ಕುಲ. ಜನರ ಬಾಯಲ್ಲಿ ಆ ಮೊದಲನೆಯವನೂ ಮಯೂರವರ್ಮನೇ ಆಗಿಹೋದ. ಹೆಸರಿನ ಬಾಲ ಬದಲಾದರೆ ಮನುಷ್ಯನ ಜಾಗವೇ ಬದಲಾಗುತ್ತದೆ. ಈ ಮಾತನ್ನು ಸ್ವಲ್ಪ ನೆನಪಲ್ಲಿಟ್ಟುಕೊಳ್ಳಿ, ನಮ್ಮ ಮುತ್ತಾತನ ವಿಷಯಕ್ಕೆ ಬೇಕಾಗುತ್ತದೆ.

ರಾಜರ ಹೆಸರು ಬಿಡಿ, ಅವು ಯಾವಾಗಲೂ ಉದ್ದ. ನನಗೆ ಇಷ್ಟವಾಗುವುದು ಸಾಮಾನ್ಯರ ಹೆಸರು. ಬಾದಾಮಿಯ ಬಂಡೆಯ ಮೇಲೆ ಕಪ್ಪೆ ಅರಭಟ್ಟ ಇದ್ದಾನೆ. ಬೆಂಗಳೂರು ಅನ್ನುವ ಊರಿನ ಹೆಸರು ಮೊದಲು ಕಾಣುವ ಬೇಗೂರಿನ ವೀರಗಲ್ಲಿನಲ್ಲಿ, ಆ ಕಾಳಗದಲ್ಲಿ ಸತ್ತ ಬುಟ್ಟನಸೆಟ್ಟಿ ಇದ್ದಾನೆ. ಮದ್ದೂರು ತಾಲೂಕಿನ ಆತಕೂರಿನ ಕಲ್ಲಿನಲ್ಲಂತೂ ಒಂದು ನಾಯಿಯ ಹೆಸರಿದೆ, ಕಾಳಿ. ಹತ್ತನೇ ಶತಮಾನದ ಮಾತು. ಯುದ್ಧದಲ್ಲಿ ಮೆಚ್ಚಿದ ಗಂಗರ ಬೂತುಗ ಏನು ಬೇಕು ಕೇಳು ಅಂದಾಗ, ಮಣಲೆರ ಅನ್ನುವವನು ಈ ನಾಯಿಯನ್ನು ಕೇಳಿ ಪಡೆದ. ಅದು ಕಾಡುಹಂದಿಯ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನಿಲ್ಲಿಸಿದರು. ಸಾವಿರ ವರ್ಷ ದಾಟಿದರೂ ಆ ನಾಯಿಯ ಹೆಸರು ನಮಗೆ ಗೊತ್ತು. ನಮ್ಮ ಮುತ್ತಾತನ ತಾಯಿಯ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಅಜ್ಜಿಯನ್ನು ಕೇಳಿದರೆ "ದೊಡ್ಡಮ್ಮ ಅಂತಿದ್ವಿ" ಅಂತಾಳೆ, ಅಷ್ಟೇ.

ಸೋಮನಾಥಪುರಕ್ಕೆ ಹೋದವರು ಮೂರ್ತಿಗಳ ಪೀಠ ನೋಡಿ. ಮಲ್ಲಿತಮ್ಮ ಅಂತ ಕೊರೆದಿರುತ್ತದೆ. ಹೆಂಗಸಲ್ಲ, ಗಂಡು ಶಿಲ್ಪಿ. ನುಗ್ಗೇಹಳ್ಳಿಯಲ್ಲೂ ಅವನ ಕೈಚಳಕ ಇದೆ. ಮಲ್ಲಿ ಅನ್ನುವುದು ಮಲ್ಲಿಕಾರ್ಜುನ, ತಮ್ಮ ಅನ್ನುವುದು ಗಂಡಸರ ಹೆಸರಿನ ಬಾಲ, ನಮ್ಮ ತಮ್ಮಯ್ಯ, ತಮ್ಮಣ್ಣ ಇದ್ದ ಹಾಗೆ.

ಈಗ ನಮ್ಮ ಎರಡು ಹೆಸರಿಗೆ ಬರುತ್ತೇನೆ. ಮೊದಲು ಓಬಯ್ಯ.

ಆಂಧ್ರದಲ್ಲಿ ಅಹೋಬಲ ಅಂತ ಇದೆ, ನರಸಿಂಹನ ದೊಡ್ಡ ಕ್ಷೇತ್ರ. ಆ ಅಹೋಬಲವೇ ಜನರ ಬಾಯಲ್ಲಿ ಓಬಳ ಆಯಿತು. ಓಬಳದಿಂದ ಓಬಯ್ಯ, ಓಬಣ್ಣ, ಓಬಳೇಶ, ಹೆಣ್ಣಿಗೆ ಓಬವ್ವ, ಓಬಮ್ಮ. ಒನಕೆ ಓಬವ್ವನ ಹೆಸರು ಗೊತ್ತಿಲ್ಲದ ಕನ್ನಡಿಗ ಇಲ್ಲ, ಆದರೆ ಆ ಹೆಸರಿನೊಳಗೆ ನರಸಿಂಹಸ್ವಾಮಿ ಕೂತಿದ್ದಾನೆ ಅಂತ ಎಷ್ಟು ಜನಕ್ಕೆ ಗೊತ್ತು? ದುರ್ಗವನ್ನು ಆಳಿದ ನಾಯಕರಲ್ಲೂ ಓಬಣ್ಣ ನಾಯಕ ಇದ್ದಾನೆ. ಆ ವಂಶದ ಮೊದಲನೆಯವನು ಮತ್ತಿ ತಿಮ್ಮಣ್ಣ ನಾಯಕ. ತಿಮ್ಮ ಅಂದರೆ ತಿರುಮಲ. ಕನಕದಾಸರಿಗೂ ಮೊದಲಿದ್ದ ಹೆಸರು ತಿಮ್ಮಪ್ಪ ನಾಯಕ ಅಂತಲೇ ಹೇಳುತ್ತಾರೆ.

ಇದನ್ನು ಹುಡುಕುತ್ತಾ ಹೋದಾಗ ನನಗೆ ನಗು ಬಂತು. ನಾವು ಹಳ್ಳಿಗಮಾರ ಹೆಸರು ಅಂತ ಬಿಟ್ಟವೆಲ್ಲ ಸಂಸ್ಕೃತದ ಮನೆಯಿಂದಲೇ ಬಂದವು. ಬ್ರಹ್ಮ ನಮ್ಮ ಬಾಯಲ್ಲಿ ಬೊಮ್ಮ ಆದ, ಬೊಮ್ಮಯ್ಯ ಆದ. ರಾಜ ರಾಚ ಆದ, ರಾಚಯ್ಯ ಆದ. ಯಕ್ಷ ಜಕ್ಕ ಆಗಿ ಜಕ್ಕಪ್ಪ, ಜಕ್ಕಣ್ಣ ಆದ. ಚಾಮುಂಡ ಚಾವುಂಡ ಆಗಿ ಚೌಡ, ಚೌಡಪ್ಪ, ಚೌಡಯ್ಯ ಆದ. ವೃಷಭ ಬಸವ ಆದ. ವೀರಣ್ಣ ಈರಣ್ಣ ಆದ. ಈಗ ಪೇಟೆಯಲ್ಲಿ ಮಗನಿಗೆ ವೃಷಭ್ ಅಂತ ಇಟ್ಟು ಹೊಸ ಹೆಸರು ಅನ್ನುತ್ತಾರೆ. ಅವರ ತಾತ ಬಸಪ್ಪ ಆಗಿದ್ದರೆ ಹೆಸರು ಅದೇ ಹೆಸರು.

ಇನ್ನು ಕೆಲವು ಹೆಸರು ಊರಿನ ದಾರಿ ತೋರಿಸುತ್ತಿದ್ದವು. ನಂಜುಂಡ ಅಂದರೆ ನಂಜನಗೂಡಿಗೆ ನಡೆದುಕೊಳ್ಳುವ ಮನೆ. ಮಾದಪ್ಪ ಅಂದರೆ ಮಲೆ ಮಾದೇಶ್ವರನ ಒಕ್ಕಲು. ಯಲ್ಲಪ್ಪ ಅಂದರೆ ಸವದತ್ತಿ, ಮೈಲಾರಪ್ಪ ಅಂದರೆ ಮೈಲಾರ, ಕೊಟ್ರೇಶ ಅಂದರೆ ಕೊಟ್ಟೂರು, ಹುಲಿಗೆಪ್ಪ ಅಂದರೆ ಹುಲಿಗಿ, ಹಂಪಯ್ಯ ಅಂದರೆ ಹಂಪಿ. ಯಡಿಯೂರು ಸಿದ್ಧಲಿಂಗೇಶ್ವರನಿಗೆ ನಡೆದುಕೊಂಡರೆ ಯಡಿಯೂರಪ್ಪ. ನಮ್ಮ ಕಡೆ ಕ್ಯಾತಪ್ಪ ಅಂದರೆ ಕಾಡುಗೊಲ್ಲರ ಕ್ಯಾತೇದೇವರು, ಮುಳ್ಳಿನ ಗುಡಿ ಹತ್ತಿ ಕಳಶ ತೆಗೆಯುತ್ತಾರಲ್ಲ, ಆ ಜಾತ್ರೆ. ಜುಂಜಪ್ಪ ಅಂದರೂ ಅವರೇ. ಉತ್ತರ ಕರ್ನಾಟಕದಲ್ಲಿ ಹಿಂದೂಗಳ ಮನೆಯಲ್ಲೇ ಹುಸೇನಪ್ಪ, ಫಕೀರಪ್ಪ ಇದ್ದಾರೆ. ದರ್ಗಾಕ್ಕೋ ಮೊಹರಂ ದೇವರಿಗೋ ಹರಕೆ ಹೊತ್ತು ಹುಟ್ಟಿದ ಮಕ್ಕಳು. ಈಗಿನ ಹೆಸರು ಕೇಳಿದರೆ ಮಗು ಚಳ್ಳಕೆರೆಯದೋ ಚಂಡೀಗಢದ್ದೋ ತಿಳಿಯದು.

ಇಲ್ಲಿಗೆ ಓಬಯ್ಯನ ವಿಚಾರ ಮುಗಿಯಿತು. ದೇವರ ಹೆಸರು, ಕೋಟೆಯ ಹೆಸರು, ಯಾರೂ ಬೆರಳು ತೋರಿಸುವ ಹಾಗಿಲ್ಲ. ಮಾವ ಗೆದ್ದ ಹಾಗೇ.

ಆದರೆ ತಿಪ್ಪಯ್ಯ?

ನಮ್ಮಪ್ಪನ ಹತ್ತಿರ ಟ್ರಂಕಿನಲ್ಲಿ ಒಂದು ಹಳೇ ಜಮೀನಿನ ನಕಲು ಇದೆ. ಅಂಚೆಲ್ಲ ಹುಳ ತಿಂದಿದೆ. ಅದರಲ್ಲಿ ಮುತ್ತಾತನ ಹೆಸರು ಹೀಗಿದೆ: "ತಿಪ್ಪ ಬಿನ್ ಕರಿಯ". ಬಿನ್ ಅಂದರೆ ಮಗ, ಅರಬ್ಬಿ ಮಾತು, ಕಂದಾಯದ ಕಾಗದದಲ್ಲಿ ಉಳಿದುಕೊಂಡಿದೆ. ಹೆಂಡತಿಯಾದರೆ ಕೋಂ ಅಂತ ಬರೆಯುತ್ತಿದ್ದರು. ನಿಮ್ಮ ಮನೆಯ ಹಳೇ ಪಹಣಿಯಲ್ಲೂ ಇರುತ್ತದೆ, ನೋಡಿ.

ಅದೇ ಹಾಳೆಯಲ್ಲಿ ಚೆಕ್ಕುಬಂದಿ ಬರೆದಿದೆ. ಪೂರ್ವಕ್ಕೆ ಯಾರ ಹೊಲ, ಪಶ್ಚಿಮಕ್ಕೆ ಯಾರ ಹೊಲ ಅಂತ. ಆ ಹೆಸರುಗಳಿಗೆಲ್ಲ ಬಾಲ ಇದೆ. ಒಬ್ಬರಿಗೆ ಗೌಡ, ಒಬ್ಬರಿಗೆ ಅಪ್ಪ, ಒಬ್ಬರಿಗೆ ಅಯ್ಯ. ನಮ್ಮವನು ಮಾತ್ರ ತಿಪ್ಪ, ಅವರಪ್ಪ ಕರಿಯ. ಮನೆಯಲ್ಲಿ ಎಲ್ಲರೂ ತಿಪ್ಪಯ್ಯ ಅನ್ನುತ್ತಿದ್ದ ಮನುಷ್ಯ, ಊರೊಳಗೆ ಹೋದರೆ ತಿಪ್ಪ. ಕೇರಿಯವರ ಹೆಸರಿಗೆ ಅಯ್ಯ ಸೇರಿಸಿ ಬರೆದರೆ ಬರೆದವರ ಕೈ ಸವೆಯುತ್ತಿತ್ತೇನೋ.

ಇದು ನಮ್ಮ ಒಂದೇ ಕಡೆಯ ಕಥೆಯಲ್ಲ. ತುಳುನಾಡಿನಲ್ಲಿ ಬಡ ಕೂಲಿ ಜನರ ಮಕ್ಕಳಿಗೆ ಹುಟ್ಟಿದ ವಾರವೇ ಹೆಸರು. ಭಾನುವಾರ ಹುಟ್ಟಿದರೆ ಐತ, ಮಂಗಳವಾರ ಅಂಗಾರ, ಗುರುವಾರ ಗುರುವ, ಶುಕ್ರವಾರ ತುಕ್ರ, ಶನಿವಾರ ಚನಿಯ. ಶಿವರಾಮ ಕಾರಂತರ 'ಚೋಮನ ದುಡಿ'ಯಲ್ಲಿ ಚೋಮನ ಮಕ್ಕಳ ಹೆಸರು ನೆನಪು ಮಾಡಿಕೊಳ್ಳಿ. ಚನಿಯ, ಗುರುವ ಅಲ್ಲೇ ಇದ್ದಾರೆ. 1933ರ ಕಾದಂಬರಿ ಅದು. ಕುವೆಂಪು ಅವರ 'ಮಲೆಗಳಲ್ಲಿ ಮದುಮಗಳು' ಓದಿದವರಿಗೆ ಐತ ಗೊತ್ತಿರುತ್ತಾನೆ. ಅದರಲ್ಲಿ ಹೆಗ್ಗಡೆಗಳಿಗೂ ಗೌಡರಿಗೂ ಒಂದು ಬಗೆಯ ಹೆಸರು, ಗುತ್ತಿ, ತಿಮ್ಮಿಯರಿಗೆ ಇನ್ನೊಂದು ಬಗೆ. ಓದುವಾಗ ಜಾತಿ ಹೇಳಬೇಕಾಗಿಯೇ ಇಲ್ಲ, ಹೆಸರೇ ಹೇಳುತ್ತದೆ.

ಅದಕ್ಕೇ ಹನ್ನೆರಡನೇ ಶತಮಾನದ ಕಲ್ಯಾಣದ ಹೆಸರುಗಳನ್ನು ನಾನು ಈ ಸಲ ಬೇರೆ ರೀತಿ ಓದಿದೆ. ಮಾದಾರ ಚೆನ್ನಯ್ಯ. ಡೋಹರ ಕಕ್ಕಯ್ಯ. ಅಂಬಿಗರ ಚೌಡಯ್ಯ. ಮಡಿವಾಳ ಮಾಚಯ್ಯ. ಮೇದಾರ ಕೇತಯ್ಯ. ನುಲಿಯ ಚಂದಯ್ಯ. ಆಯ್ದಕ್ಕಿ ಮಾರಯ್ಯ. ಶಾಲೆಯಲ್ಲಿ ನಾವಿದನ್ನು ಪಟ್ಟಿ ಮಾಡಿ ಬಾಯಿಪಾಠ ಮಾಡಿದ್ದೆವು, ಪರೀಕ್ಷೆಯಲ್ಲಿ ಹೊಂದಿಸಿ ಬರೆಯಿರಿ ಅಂತ ಬರುತ್ತಿತ್ತು. ಈಗ ನೋಡಿದರೆ ಒಂದೊಂದು ಹೆಸರಿನ ಮುಂದೆಯೂ ಕಸುಬು ಇದೆ, ಹಿಂದೆ ಅಯ್ಯ ಇದೆ. ಚರ್ಮದ ಕೆಲಸವನ್ನೂ ಬಟ್ಟೆ ಒಗೆಯುವುದನ್ನೂ ಮುಚ್ಚಿಡಲಿಲ್ಲ. ಕಸುಬು ಹೇಳಿಯೇ ಅಯ್ಯ ಅಂದರು. ಎಂಟುನೂರು ವರ್ಷದ ಮೇಲೆ ನಮ್ಮ ಮುತ್ತಾತನ ಜಮೀನಿನ ಕಾಗದಕ್ಕೆ ಆ ಎರಡು ಅಕ್ಷರ ಬರಲಿಲ್ಲ.

ಇಷ್ಟಾದರೂ ತಿಪ್ಪ ಅನ್ನುವ ಹೆಸರು ಯಾಕೆ ಅನ್ನುವುದು ಉಳಿಯಿತು. ನಮ್ಮಪ್ಪನಿಗೆ ಅನುಮಾನವೇ ಇಲ್ಲ. "ನಾಯಕನಹಟ್ಟಿ ಸ್ವಾಮಿ ಹೆಸರು ಕಣಪ್ಪ. ಮತ್ತೇನು?"

ಅದೂ ಸುಳ್ಳಲ್ಲ. ಚಳ್ಳಕೆರೆ ತಾಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿ ನಮ್ಮ ಸೀಮೆಗೆ ದೊಡ್ಡ ದೇವರು. ಕೆರೆ ಕಟ್ಟಿಸಿದ ಸಂತ ಅಂತ ಜನ ನೆನೆಯುತ್ತಾರೆ. ಈ ಬಯಲಿನಲ್ಲಿ ಕೆರೆ ಕಟ್ಟಿಸಿದವನು ದೇವರಾಗದೆ ಇನ್ನೇನಾಗುತ್ತಾನೆ? ಪ್ರತಿ ವರ್ಷ ಫಾಲ್ಗುಣದಲ್ಲಿ ದೊಡ್ಡ ರಥೋತ್ಸವ, ಲಕ್ಷಗಟ್ಟಲೆ ಜನ, ಮುಕ್ತಿ ಬಾವುಟದ ಹರಾಜು. ನಾನು ಆ ಜಾತ್ರೆಯ ಸುದ್ದಿ ಎಷ್ಟು ಸಲ ಬರೆದಿದ್ದೇನೋ ಲೆಕ್ಕ ಇಲ್ಲ. ಸುತ್ತಲಿನ ಊರುಗಳಲ್ಲಿ ತಿಪ್ಪೇಸ್ವಾಮಿ, ತಿಪ್ಪೇಶ, ತಿಪ್ಪಣ್ಣ, ತಿಪ್ಪಮ್ಮ ಅಂತ ಬೀದಿಗೆ ನಾಲ್ಕು ಜನ ಇದ್ದರು. ಸ್ವಾಮಿಗೇ ಆ ಹೆಸರು ಯಾಕೆ ಬಂತು ಅನ್ನುವುದಕ್ಕೆ ಊರಿಗೊಂದು ಕಥೆ ಹೇಳುತ್ತಾರೆ, ಎಲ್ಲದರಲ್ಲೂ ತಿಪ್ಪೆ ಒಂದು ಕಡೆ ಬಂದೇ ಬರುತ್ತದೆ.

ನಾನು ಅಪ್ಪನ ಮಾತನ್ನೇ ಬರೆದು ಮುಗಿಸುವವನಿದ್ದೆ. ಒಳಗೆ ಮಗುವಿಗೆ ಎಣ್ಣೆ ಹಚ್ಚುತ್ತಿದ್ದ ಅಜ್ಜಿ ಕೇಳಿಸಿಕೊಂಡಿದ್ದಳು. ಅವಳಿಗೆ ಎಂಬತ್ತೈದು ದಾಟಿದೆ. ಮದುವೆಯಾಗಿ ಈ ಮನೆಗೆ ಬಂದಾಗ ಮುತ್ತಾತನ ತಾಯಿ ಇನ್ನೂ ಇದ್ದಳಂತೆ, ಆ ಹೆಸರು ಮರೆತುಹೋದ ದೊಡ್ಡಮ್ಮ.

"ಸ್ವಾಮೀ ಹೆಸರಲ್ಲ ಕಣಲೇ" ಅಂದಳು. "ಆಯಪ್ಪನ್ನ ತಿಪ್ಪೆ ಮ್ಯಾಲೆ ಹಾಕಿದ್ರು."

ಕಥೆ ಹೀಗೆ. ಮುತ್ತಾತನಿಗಿಂತ ಮೊದಲು ದೊಡ್ಡಮ್ಮನಿಗೆ ಮೂರು ಮಕ್ಕಳು ಹುಟ್ಟಿ ಸತ್ತಿದ್ದವು. ಒಂದು ಹುಟ್ಟಿದ ವಾರಕ್ಕೆ, ಒಂದು ಹಲ್ಲು ಬರುವ ಹೊತ್ತಿಗೆ, ಇನ್ನೊಂದು ಯಾವಾಗ ಅಂತ ಅಜ್ಜಿಗೂ ನೆನಪಿಲ್ಲ. ನಾಲ್ಕನೆಯದು ಇವನು. ಹುಟ್ಟಿದ ಕೂಡಲೇ ಸೂಲಗಿತ್ತಿ ಮೊರದಲ್ಲಿ ಹಳೇ ಬಟ್ಟೆ ಹಾಸಿ, ಮಗು ಮಲಗಿಸಿ, ಹಿತ್ತಲ ತಿಪ್ಪೆಯ ಮೇಲೆ ಇಟ್ಟು ಬಂದಳಂತೆ. ಪಕ್ಕದ ಮನೆಯ ಹೆಂಗಸು ಮೊದಲೇ ಮಾತಾಗಿದ್ದ ಹಾಗೆ ಬಂದು, "ಅಯ್ಯೋ ಯಾರೋ ಬಿಸಾಕಿ ಹೋಗ್ಯಾರೆ" ಅಂತ ಗಟ್ಟಿಯಾಗಿ ಕೂಗಿ ಎತ್ತಿಕೊಂಡಳು. ಆಮೇಲೆ ದೊಡ್ಡಮ್ಮನ ಮನೆಗೇ ತಂದು ಒಂದು ಸೇರು ತೌಡಿಗೆ ಮಾರಿದಳು. ಕೊಂಡುಕೊಂಡ ಮಗು, ತಿಪ್ಪೆಯ ಮೇಲೆ ಸಿಕ್ಕ ಮಗು, ಇದು ಯಾರಿಗೂ ಬೇಡದ್ದು ಅಂತ ಸಾವಿಗೆ ಕೇಳಿಸಬೇಕು. ಅದಕ್ಕೇ ಅಷ್ಟು ಗಟ್ಟಿಯಾಗಿ ಕೂಗಿದ್ದು.

ಇಂಥ ಹೆಸರುಗಳು ಕನ್ನಡ ನಾಡಿನ ತುಂಬಾ ಇವೆ. ತಿಪ್ಪೆಯಿಂದ ತಿಪ್ಪ. ಕಲ್ಲಿನ ಹಾಗೆ ಗಟ್ಟಿಯಾಗಿ ಉಳಿಯಲಿ ಅಂತ ಗುಂಡ, ಕಲ್ಲ. ಮನೆ ಮನೆ ತಿರಿದು ತಂದ ಕಾಳಿನಿಂದ ಬದುಕಿದವನು ಅಂತ ತಿರುಕಪ್ಪ. ಕಾಡಿನ ಪಾಲು ಅಂತ ಅಡಿವೆಪ್ಪ, ಕಾಡಪ್ಪ. ಇವೆಲ್ಲಕ್ಕೂ ದೇವರ ಅರ್ಥವೂ ಇದೆ, ಕಲ್ಲಪ್ಪ ಅಂದರೆ ಕಲ್ಲೇಶ್ವರ ಅನ್ನಬಹುದು. ಯಾವ ಮನೆಯಲ್ಲಿ ಯಾವುದು ಅನ್ನುವುದು ಆ ಮನೆಯ ಮುದುಕಿಯರಿಗೇ ಗೊತ್ತು. ಹೆಣ್ಣು ಮಕ್ಕಳದು ಬೇರೆ ಕಥೆ. ಹೆಣ್ಣು ಸಾಕು ಅಂತ ಸಾಕಮ್ಮ ಅಂದ ಮನೆಗಳೂ ಇದ್ದವು. ಗಂಡು ಉಳಿಯಲಿ ಅಂತ ಒಂದು ಹೆಸರು, ಹೆಣ್ಣು ನಿಲ್ಲಲಿ ಅಂತ ಇನ್ನೊಂದು.

ಮುತ್ತಾತ ಹುಟ್ಟಿದ್ದು 1920ರ ಆಸುಪಾಸು ಅಂತ ಲೆಕ್ಕ ಹಾಕಿದ್ದೇವೆ. ಆ ಕಾಲ ಎಂಥದ್ದು ನೋಡಿ. 1898ರಲ್ಲಿ ಬೆಂಗಳೂರಿಗೆ ಬಂದ ಪ್ಲೇಗು ಆಮೇಲೆ ಎಷ್ಟೋ ವರ್ಷ ಹಳ್ಳಿಗಳನ್ನು ಬಿಡಲಿಲ್ಲ. ಇಲಿ ಬಿದ್ದರೆ ಸಾಕು, ಜನ ಊರು ಬಿಟ್ಟು ಹೊಲದಲ್ಲಿ ಗುಡಿಸಲು ಹಾಕುತ್ತಿದ್ದರು. ಪ್ಲೇಗಮ್ಮನ ಗುಡಿಗಳು ಈಗಲೂ ಇವೆ. 1918ರಲ್ಲಿ ಇನ್‌ಫ್ಲುಯೆಂಜಾ. ಕೊರೊನಾ ಕಂಡ ನಮಗೆ ಅದು ಏನೆಂದು ಸ್ವಲ್ಪ ಅರ್ಥವಾದೀತು. ಆಗ ಭಾರತದಲ್ಲಿ ಹುಟ್ಟಿದ ಸಾವಿರ ಮಕ್ಕಳಲ್ಲಿ ಸುಮಾರು ಇನ್ನೂರು ಒಂದು ವರ್ಷ ತುಂಬುವ ಮೊದಲೇ ಸಾಯುತ್ತಿದ್ದವು. ಐದರಲ್ಲಿ ಒಂದು. 2020ರ ಲೆಕ್ಕದಲ್ಲಿ ದೇಶಕ್ಕೆ ಆ ಸಂಖ್ಯೆ 28. ಲಸಿಕೆ, ಆಸ್ಪತ್ರೆ ಹೆರಿಗೆ, ಆಶಾ ಕಾರ್ಯಕರ್ತೆ, ಇವೆಲ್ಲ ಬಂದ ಮೇಲೆ ತೌಡಿಗೆ ಮಗು ಕೊಳ್ಳುವುದು ನಿಂತಿತು. ತಿಪ್ಪ, ಗುಂಡ ಅನ್ನುವ ಹೆಸರು ಕಡಿಮೆಯಾದದ್ದಕ್ಕೆ ನಾಚಿಕೆ ಒಂದು ಕಾರಣ ಇರಬಹುದು, ಇದೂ ಒಂದು ಕಾರಣ ಅಂತ ನನಗನ್ನಿಸುತ್ತದೆ. ಸಾವಿಗೆ ಸುಳ್ಳು ಹೇಳುವ ಅಗತ್ಯ ಕಡಿಮೆಯಾಯಿತು.

ಹೆಸರು ಬದಲಾದದ್ದು ಎಷ್ಟು ಬೇಗ ಅನ್ನುವುದಕ್ಕೆ ಒಂದೇ ಮನೆ ಸಾಕು. ಕುಪ್ಪಳಿಯ ವೆಂಕಟಪ್ಪನವರ ಮಗ ಪುಟ್ಟಪ್ಪ. ಪುಟ್ಟಪ್ಪ ಅಂದರೆ ಏನು? ಪುಟ್ಟ ಮಗು, ಅಷ್ಟೇ. ಆ ಪುಟ್ಟಪ್ಪನೇ ಕುವೆಂಪು ಆಗಿ, 1938ರಲ್ಲಿ ಹುಟ್ಟಿದ ಮಗನಿಗೆ ಇಟ್ಟದ್ದು ಪೂರ್ಣಚಂದ್ರ ತೇಜಸ್ವಿ. ಎರಡನೆಯವನಿಗೆ ಕೋಕಿಲೋದಯ ಚೈತ್ರ. ಹೆಣ್ಣು ಮಕ್ಕಳಿಗೆ ಇಂದುಕಲಾ, ತಾರಿಣಿ. ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ ಮುತ್ತುರಾಜ, 1954ರಲ್ಲಿ 'ಬೇಡರ ಕಣ್ಣಪ್ಪ'ದಲ್ಲಿ ರಾಜ್‌ಕುಮಾರ್ ಆದರು. ಆಮೇಲೆ ಊರೂರಲ್ಲಿ ರಾಜಕುಮಾರರು ಹುಟ್ಟಿದರು.

ದೊಡ್ಡವರಾದ ಹಳೇ ಹೆಸರಿನವರನ್ನು ಮಾತ್ರ ಯಾರೂ ಆಡಿಕೊಳ್ಳಲಿಲ್ಲ. ನಮ್ಮ ಮುಖ್ಯಮಂತ್ರಿಗಳ ಪಟ್ಟಿ ಓದಿ: ಹನುಮಂತಯ್ಯ, ಮಂಜಪ್ಪ, ನಿಜಲಿಂಗಪ್ಪ, ಬಂಗಾರಪ್ಪ, ಯಡಿಯೂರಪ್ಪ, ಸಿದ್ದರಾಮಯ್ಯ. ಡಿ.ವಿ. ಗುಂಡಪ್ಪನವರ ಗುಂಡಪ್ಪ ಅನ್ನುವ ಹೆಸರಿಗೆ ನಕ್ಕವರನ್ನು ನಾನು ಕಂಡಿಲ್ಲ. ನನ್ನ ಹೆಂಡತಿಗೆ ಇದನ್ನು ಹೇಳಿದೆ.

"ಗುಂಡಪ್ಪನವರು ನಮ್ಮ ಕೇರಿಯವರಲ್ಲ" ಅಂದಳು.

ಸರಿಯಾದ ಮಾತು. ನಾನು ಸುಮ್ಮನಾದೆ.

ನನ್ನದೇ ಒಂದು ವಿಷಯ ಹೇಳಬೇಕು. ನನಗೆ ಮನೆಯಲ್ಲಿ ಇಟ್ಟದ್ದು ಬೇರೆ ಹೆಸರು, ಶಾಲೆಯಲ್ಲಿ ಇರುವುದು ಬೇರೆ. ಒಂದನೇ ತರಗತಿಗೆ ಸೇರಿಸಲು ಅಪ್ಪ ಕರೆದುಕೊಂಡು ಹೋದಾಗ, "ಇದೇನ್ ಹೆಸರಯ್ಯ, ಮುಂದೆ ಕಷ್ಟ ಆಗುತ್ತೆ" ಅಂತ ಒಬ್ಬ ಮೇಷ್ಟ್ರು ಅವರೇ ಒಂದು ಹೆಸರು ಬರೆದುಕೊಂಡರು. ಒಳ್ಳೆಯ ಮನಸ್ಸಿನಿಂದಲೇ ಬರೆದಿರಬೇಕು. ಅಪ್ಪ ಮರುಮಾತಾಡದೆ ಹೆಬ್ಬೆಟ್ಟು ಒತ್ತಿ ಬಂದರು. ಈ ಬರಹದ ಮೇಲೆ ಇರುವುದೂ ಮೇಷ್ಟ್ರು ಕೊಟ್ಟ ಹೆಸರೇ. ಅದರ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಅಮ್ಮ ಸಾಯುವ ತನಕ ಆ ಹೆಸರಿನಿಂದ ನನ್ನನ್ನು ಒಂದು ಸಲವೂ ಕರೆಯಲಿಲ್ಲ.

ನಡುವೆ ರಾಜಿಗೆ ಬಂದವರು ನಮ್ಮಕ್ಕ. ಸೋದರತ್ತೆ ಅವಳೇ, ಕಿವಿಯಲ್ಲಿ ಹೆಸರು ಹೇಳಬೇಕಾದವಳು. "ತಿಪ್ಪೇಸ್ವಾಮಿ ಅಂತ ಇಟ್ಬಿಡಿ. ದೇವರ ಹೆಸರೂ ಆಯ್ತು, ಕೇಳೋಕೂ ಚೆಂದ" ಅಂದಳು. ಎಲ್ಲರೂ ಹೂಂ ಅಂದರು. ಅಪ್ಪ ಮಾತ್ರ ಬೀಡಿ ಆರಿಸಿ ಹೇಳಿದರು: "ಸ್ವಾಮಿ ಅಂದ್ರೆ ಅದು ಸ್ವಾಮಿ ಹೆಸರು ಆಗ್ತೈತೆ. ನಮ್ ತಾತನ ಹೆಸರಲ್ಲ." ತಿಪ್ಪೆಯ ಕಥೆ ಕೇಳಿದ ಮೇಲೂ ಹಾಗೇ ಅಂದರು. ಇಷ್ಟು ದಿನ ಅದು ಸ್ವಾಮಿಯ ಹೆಸರು ಅಂತಿದ್ದವರು ಅವರೇ.

ಎಲ್ಲರಿಗಿಂತ ಗಟ್ಟಿಯಾಗಿ ಬೇಡ ಅಂದದ್ದು ಅಜ್ಜಿ. ಅದು ನಾನು ಎಣಿಸಿರಲಿಲ್ಲ. "ಅದು ಹೆದ್ರಿಕೊಂಡು ಇಟ್ಟ ಹೆಸರು ಕಣಲೇ. ಇವನ್ಯಾಕೆ ತಿಪ್ಪೆ ಮ್ಯಾಲೆ ಮಲಗ್ಬೇಕು? ಮೆತ್ತನ್ನ ಹಾಸಿಗೆ ಐತೆ. ಓಬಯ್ಯ ಅನ್ರಿ, ಚೆಂದಾಗೈತೆ." ಹಾಗಂದು ಮಗುವಿನ ಹಣೆಗೆ ಕಪ್ಪು ಬೊಟ್ಟು ಇಟ್ಟಳು.

ಅವತ್ತು ರಾತ್ರಿ ಹೆಂಡತಿ ಟ್ರಂಕಿನ ಆ ನಕಲನ್ನು ತಾನೇ ತೆಗೆದು ಓದಿದಳು. ಬಹಳ ಹೊತ್ತು ಚೆಕ್ಕುಬಂದಿಯ ಸಾಲನ್ನೇ ನೋಡುತ್ತಿದ್ದಳು. ಆಮೇಲೆ "ಅಯ್ಯ ಸೇರಿಸಿ ಬರೆಸಿ" ಅಂದಳು. "ಮಕ್ಕಳು ಆಡಿಕೊಂಡ್ರೆ ನಾನ್ ನೋಡ್ಕೋತೀನಿ. ನಾನಿರೋ ಶಾಲೇಗೇ ತಾನೇ ಬರೋದು." ಮಾವನಿಗೆ ಫೋನ್ ಮಾಡಿ ಹೇಳಿದ್ದೂ ಅವಳೇ. ಮುಂದಿನದಕ್ಕೆ ಓಬಯ್ಯ, ಹೆಣ್ಣಾದರೆ ಓಬವ್ವ ಅಂತ ಮಾತು ಕೊಟ್ಟಿದ್ದಾಳಂತೆ. ನನ್ನನ್ನು ಕೇಳಲಿಲ್ಲ.

ಹೋದ ಸೋಮವಾರ ಹೆಸರು ಸೇರಿಸಲು ಅರ್ಜಿ ಕೊಟ್ಟೆ. ಕಂಪ್ಯೂಟರಿನ ಮುಂದೆ ಇದ್ದ ಹುಡುಗ ಕೇಳಿಕೊಂಡು, ಅಭ್ಯಾಸಬಲದಿಂದ ತಿಪ್ಪೇಸ್ವಾಮಿ ಅಂತ ಟೈಪ್ ಮಾಡಿದ. ಅಲ್ಲ, ತಿಪ್ಪಯ್ಯ ಅಂದೆ. ಅಳಿಸಿ "ತಿಪ್ಪಯ" ಅಂತ ಹೊಡೆದ. ಯ ಒತ್ತು ಬೇಕು ಅಂದೆ. ತಲೆ ಎತ್ತಿ ನನ್ನನ್ನು ನೋಡಿ, "ಸಾರ್, ಮಗುಗೇ ತಾನೇ?" ಅಂದ. ಹೌದು ಅಂದೆ. ಸರಿಯಾಗಿ ಹೊಡೆದು, ಪರದೆ ನನ್ನ ಕಡೆ ತಿರುಗಿಸಿ ತೋರಿಸಿದ. ಎರಡು ಸಲ ಓದಿಕೊಂಡೆ.

ಭಾನುವಾರ ತೊಟ್ಟಿಲು ಹಾಕಿ ಅಕ್ಕ ಕಿವಿಯಲ್ಲಿ ಹೆಸರು ಹೇಳಿದಳು. ಸುತ್ತ ಕೂತ ಹೆಂಗಸರು ಅವಳ ಬೆನ್ನಿಗೆ ಚೆನ್ನಾಗಿಯೇ ಗುದ್ದಿದರು. ಮಗು ನಿದ್ದೆಯಲ್ಲೇ ಇತ್ತು. ಅಜ್ಜಿ ಇನ್ನೂ ಅವನನ್ನು ಆ ಹೆಸರಿನಿಂದ ಕರೆದಿಲ್ಲ, "ಲೇ ಪುಟ್ಟ" ಅನ್ನುತ್ತಾಳೆ. ಕಪ್ಪು ಬೊಟ್ಟನ್ನು ಮಾತ್ರ ದಿನಾ ಸ್ವಲ್ಪ ದೊಡ್ಡದು ಮಾಡುತ್ತಿದ್ದಾಳೆ.